ಯಾರು ತಗ್ಗಿಸಬೇಕು?

ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಓದುವುದು ತಪ್ಪೇ ಎಂಬ ಚರ್ಚೆ ನಮ್ಮ ಸ್ಟಾಫ್ ರೂಮಿನಲ್ಲಿ ಪ್ರತಿ ಮಾರ್ಚಿಗೂ ಏಳುತ್ತದೆ. ನನಗೇನೋ ತಪ್ಪೆನಿಸದು. ಯಾವುದು ಕೇಳತಕ್ಕದ್ದೆಂದು ಹಿರಿಯರು ನಂಬಿದ್ದಾರೆಂಬುದು ಅದರಿಂದ ತಿಳಿಯುತ್ತದೆ. ಯಾವುದನ್ನು ಅವರು ಕೇಳುವುದೇ ಇಲ್ಲ ಎಂಬುದೂ ತಿಳಿಯುತ್ತದೆ.

ತಂಗಿಯ ಮಗಳು ಓದುವ ಎಂಜಿನಿಯರಿಂಗ್ ಕಾಲೇಜು, 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಅವಳ ಜೆರಾಕ್ಸ್ ಕಟ್ಟಿನಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕಂಡಿತು: ಕರೆಂಟಿನಲ್ಲಿನ ಹಾರ್ಮೋನಿಕ್ಸ್ ತಗ್ಗಿಸುವ ವಿಧಾನಗಳನ್ನು ವಿವರಿಸಿ. “ಗ್ಯಾರಂಟಿ ಬರುತ್ತೆ ದೊಡ್ಡಮ್ಮ” ಎಂದಳು. ಹಾಗೆಂದರೇನೇ ಎಂದು ಪಟ್ಟು ಹಿಡಿದ ಮೇಲೆ ಬಿಡಿಸಿ ಹೇಳಿದಳು.

ಕಂಬದಿಂದ ಬರುವ ವಿದ್ಯುತ್ತು ಸೆಕೆಂಡಿಗೆ 50 ಬಾರಿ ನಯವಾದ ಅಲೆಯಂತೆ ಏರಿಳಿಯುತ್ತದೆಯಂತೆ. ಹಳೆಯ ಬುರುಡೆ ಬಲ್ಬು ಆ ಅಲೆಯ ಜೊತೆಜೊತೆಗೇ ಕರೆಂಟು ಎಳೆಯುತ್ತಿತ್ತು. ಕಂಪ್ಯೂಟರು, ಅಗ್ಗದ ಎಲ್‌ಇಡಿ ದೀಪಗಳ ಒಳಗಿನ ರೆಕ್ಟಿಫೈಯರು ಹಾಗಲ್ಲ. ಅಲೆಯ ನೆತ್ತಿಯಲ್ಲಷ್ಟೇ ಗಬಕ್ಕನೆ ಎಳೆದುಕೊಂಡು ಸುಮ್ಮನಾಗುತ್ತದೆ. ಇದರಿಂದ 150, 250, 350 ಹರ್ಟ್ಸ್‌ನ ಕಿರು ಅಲೆಗಳು ಲೈನಿಗೆ ಸೇರುತ್ತವೆ. ಮೂರು ಫೇಸಿನ 150ರ ಅಲೆಗಳು ನ್ಯೂಟ್ರಲ್ ತಂತಿಯಲ್ಲಿ ಒಂದರ ಮೇಲೊಂದು ಕೂಡಿ ಅದನ್ನು ಕಾಯಿಸುತ್ತವೆ. 250ರದ್ದು ಇನ್ನೂ ವಿಚಿತ್ರ, ಮೂರು ಫೇಸಿನ ಮೋಟಾರನ್ನು ಹಿಂದಕ್ಕೆ ತಿರುಗಿಸಲು ನೋಡುತ್ತದೆ! ಮೋಟಾರು ಹಿಂದಕ್ಕೆ ತಿರುಗುವುದಿಲ್ಲ, ಬಿಸಿಯಾಗುತ್ತದೆ.

ದೊಡ್ಡಬಳ್ಳಾಪುರದಲ್ಲಿದ್ದುಕೊಂಡು ಮೋಟಾರಿನ ಮಾತನ್ನು ಹಗುರವಾಗಿ ಕೇಳಲಾಗದು. ಇಲ್ಲಿ ಬೀದಿಬೀದಿಯಲ್ಲಿ ಪವರ್‌ಲೂಮಿನ ಸದ್ದು. ಮೋಟಾರು ಸುಟ್ಟ ದಿನ ಸೀರೆ ನಿಲ್ಲುತ್ತದೆ, ನೂಲು ಸುತ್ತುವ ಹೆಂಗಸಿನ ಕೂಲಿಯೂ ನಿಲ್ಲುತ್ತದೆ. ಹಾಗೆಂದು ನನ್ನ ಮನೆಯ ದೀಪದಿಂದಲೇ ಅವಳ ಮೋಟಾರು ಸುಟ್ಟಿತೆಂದು ಯಾರು ಹೇಳಿಯಾರು? ಮೋಟಾರು ಸುಡಲು ಬೇರೆ ನೂರು ಕಾರಣಗಳಿವೆ. ಸಾವಿರ ಮನೆಗಳಿಗೆ ಹಂಚಿಹೋದ ಕೆಡುಕಿಗೆ ಹೊಣೆಗಾರರೇ ಸಿಗುವುದಿಲ್ಲ. ಮನೆಯ ಬಿಲ್ಲು ಯೂನಿಟ್ ಎಣಿಸುತ್ತದೆ, ಅಲೆಯ ಸೊಟ್ಟತನವನ್ನಲ್ಲ.

ವಿಧಾನಗಳಿಗೇನೂ ಕೊರತೆಯಿಲ್ಲ. ಚೋಕ್ ಇದೆ, ಫಿಲ್ಟರ್ ಇದೆ. ದೊಡ್ಡ ಕಾರ್ಖಾನೆಗಳಲ್ಲಿ ಎರಡು ರೆಕ್ಟಿಫೈಯರುಗಳಿಗೆ 30 ಡಿಗ್ರಿ ಅಂತರದಲ್ಲಿ ವಿದ್ಯುತ್ತು ಕೊಟ್ಟು, ಐದನೆಯ ಮತ್ತು ಏಳನೆಯ ಅಲೆಗಳು ತಮ್ಮತಮ್ಮಲ್ಲೇ ಅಳಿಸಿಹೋಗುವಂತೆ ಮಾಡುತ್ತಾರಂತೆ. ಈ ಜಾಣತನಕ್ಕೆ ನಾನು ತಲೆದೂಗಿದೆ. ಆದರೆ ಯಾರು ತಗ್ಗಿಸಬೇಕು, ಯಾರ ಖರ್ಚಿನಲ್ಲಿ ಎಂದು ಆ ಕಟ್ಟಿನ ಒಂದು ಪತ್ರಿಕೆಯೂ ಕೇಳಿರಲಿಲ್ಲ. “ಅದಕ್ಕೆ ಮಾರ್ಕ್ಸ್ ಇಲ್ಲ ದೊಡ್ಡಮ್ಮ” ಎಂದು ನಕ್ಕಳು.

ಬೀದಿಯ ಟ್ರಾನ್ಸ್‌ಫಾರ್ಮರ್ ಬಳಿ ಎಲ್ಲರಿಗೂ ಸೇರಿಸಿ ಒಂದು ಫಿಲ್ಟರ್ ಕೂರಿಸಬಹುದಲ್ಲ ಎನ್ನುವಿರಿ. ಕೂರಿಸಬಹುದು. ಅದರ ಖರ್ಚು ಕೊನೆಗೆ ಎಲ್ಲರ ಬಿಲ್ಲಿಗೆ ಬರುತ್ತದೆ. ಒಂದೇ ಬಲ್ಬು ಉರಿಸುವ ನೂಲಿನ ಹೆಂಗಸೂ ತೆರಬೇಕು. ಹುಟ್ಟಿದಲ್ಲೇ ತಗ್ಗಿಸುವುದು ನ್ಯಾಯವೆಂದು ನನ್ನ ಮತ. ಆದರೆ ಸಂತೆಯಲ್ಲಿ ಚಿಲ್ಲರೆ ಎಣಿಸಿ ದೀಪ ಕೊಳ್ಳುವವಳಿಗೆ ದುಬಾರಿಯದನ್ನೇ ಕೊಳ್ಳಮ್ಮ ಎನ್ನಲು ನನಗೆ ಬಾಯಿ ಬಾರದು. ನಾಲ್ಕು ಕಾಸು ಉಳಿಸಲು ಒಳಗಿನ ಒಂದು ಭಾಗವನ್ನು ಕೈಬಿಟ್ಟು ಮಾಡಿದವನಿದ್ದಾನಲ್ಲ, ಮೊದಲು ಅವನನ್ನು ಕೇಳಬೇಕು.