ಮೊದಲಿದ್ದವನ ಹಕ್ಕು ಎಷ್ಟು?

ಪರರ ಸ್ವತ್ತನ್ನು ಕದಿಯುವುದು ತಪ್ಪೆಂದು ಎಲ್ಲರೂ ಒಪ್ಪುತ್ತಾರೆ. ಆದರೆ ತನ್ನ ಬಾಗಿಲಿಗೆ ತಾನಾಗಿ ಹರಿದು ಬಂದುದನ್ನು ಬೇಕಾದಷ್ಟು ತೆಗೆದುಕೊಳ್ಳುವುದು ತಪ್ಪೇ? ಈ ಪ್ರಶ್ನೆಯನ್ನು ಕುಳಿತಲ್ಲಿಯೇ ವಿಚಾರಿಸುವುದಕ್ಕಿಂತ ಒಂದು ಕಾಲುವೆಯ ದಡ ಹಿಡಿದು ವಿಚಾರಿಸುವುದು ಲೇಸು.

ವಾಚಕರೇ, ತುಂಗಭದ್ರಾ ಎಡದಂಡೆ ಕಾಲುವೆಯ ಹೆಸರನ್ನು ತಾವು ಕೇಳಿರುತ್ತೀರಿ. 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿದ ಅಣೆಕಟ್ಟಿನಿಂದ, ಮುನಿರಾಬಾದಿನ ಬಳಿ ಹೊರಟು, ಅದು ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳಲ್ಲಿ ಸುಮಾರು 227 ಕಿಲೋಮೀಟರು ಹರಿಯುತ್ತದೆ. ಅದನ್ನು ನಂಬಿದ ಭೂಮಿ ಸುಮಾರು 6 ಲಕ್ಷ ಎಕರೆ. ಮಳೆ ಕೊರತೆಯಾದ ವರ್ಷದಲ್ಲಿ ಅದರ ಉದ್ದಕ್ಕೂ ಮೋಟಾರಿನಲ್ಲಿ ಹೋದವರು ಅರ್ಧ ದಿನದಲ್ಲಿ ಎರಡು ನಾಡುಗಳನ್ನು ಕಾಣುತ್ತಾರೆ: ಒಂದು ಹಸಿರು, ಇನ್ನೊಂದು ಒಣ. ನಾಲ್ಕು ದಿನ ಸೈಕಲ್ಲು ತುಳಿದು ಹೋಗುವವನಿಗೆ ಕಾಣುವುದೇ ಬೇರೆ.

ಮೊದಲ ದಿನ ಗಂಗಾವತಿಯವರೆಗೆ ತುಂಬಿದ ಕಾಲುವೆ, ಕಣ್ಣು ಹರಿದಷ್ಟು ದೂರ ಭತ್ತ. ಎರಡನೆಯ ದಿನ ಕಾರಟಗಿ, ಸಿಂಧನೂರುಗಳ ಸೀಮೆ. ಆಂಧ್ರದ ಕರಾವಳಿಯಿಂದ ಬಂದು ನೆಲೆಸಿದವರ ಕ್ಯಾಂಪುಗಳು, ಅಕ್ಕಿಯ ಗಿರಣಿಗಳು. ಮೂರನೆಯ ದಿನ ಮಾನ್ವಿಯ ಕಡೆ ಹೊರಳಿದರೆ ನೀರು ತುಸು ತಗ್ಗಿರುತ್ತದೆ. ಭತ್ತದ ನಡುವೆ ಹತ್ತಿ, ತೊಗರಿಗಳು ತಲೆಯೆತ್ತುತ್ತವೆ. ನಾಲ್ಕನೆಯ ದಿನ ರಾಯಚೂರು ತಾಲ್ಲೂಕಿನ ಉಪಕಾಲುವೆಗಳ ತಳದಲ್ಲಿ ಹುಲ್ಲು ಬೆಳೆದಿರುತ್ತದೆ. ಅಲ್ಲಿನ ರೈತರ ಮಾತೆಲ್ಲ ಒಂದೇ: ಗೇಜಿನಲ್ಲಿ ಇಂದು ಎಷ್ಟು ಅಡಿ?

ಹಸಿರು ಎಲ್ಲಿ ಮುಗಿಯಿತು, ಬಡತನ ಎಲ್ಲಿ ತೊಡಗಿತು ಎಂದು ಕೇಳಿದರೆ ಆ ಸವಾರನು ಯಾವ ಮೈಲುಗಲ್ಲನ್ನೂ ತೋರಿಸಲಾರನು. ಅನ್ಯಾಯದ ಸ್ವರೂಪವೇ ಇದು. ಅದಕ್ಕೆ ಎಲ್ಲೆಕಲ್ಲಿಲ್ಲ. ಸಾವಿರ ತೂಬುಗಳಲ್ಲಿ ಬೆರಳಷ್ಟು ಬೆರಳಷ್ಟಾಗಿ ಹಂಚಿಹೋಗಿರುವುದರಿಂದ ಅದು ಯಾರ ಕೈಗೂ ಭಾರವೆನಿಸುವುದಿಲ್ಲ.

ಮೇಲ್ಭಾಗದ ರೈತನು ಕೆಟ್ಟವನೆಂದು ತಿಳಿಯಬಾರದು. ಅವನಿಗೂ ಸಾಲವುಂಟು, ಮಗಳ ಮದುವೆಯುಂಟು. ಹೊಲದ ಬದುವಿನಲ್ಲೇ ಹರಿಯುವ ನೀರನ್ನು ನೋಡುತ್ತ ಕೂಡೆಂದರೆ ಯಾರು ಕೂಡುತ್ತಾರೆ? ಭತ್ತದಿಂದ ಬರುವ ಆದಾಯ ಜೋಳದಿಂದ ಬರುವುದಿಲ್ಲವೆನ್ನುವ ಅವನ ಮಾತಿಗೂ ತೂಕವಿದೆ. ಆದರೂ ಈ ಕಾಲುವೆಯನ್ನು ಯೋಜಿಸಿದವರು ಬಹುಭಾಗ ಭೂಮಿಗೆ ಜೋಳ, ಹತ್ತಿ, ಶೇಂಗಾಗಳಂತಹ ಅಲ್ಪ ನೀರಿನ ಬೆಳೆಗಳನ್ನೇ ನಿಗದಿಪಡಿಸಿದ್ದರು. ಸ್ವಲ್ಪ ನೀರನ್ನು ಬಹಳ ಜನಕ್ಕೆ ಹಂಚಿ, ಬರದಿಂದ ಕಾಯುವುದು ಅವರ ಉದ್ದೇಶವಾಗಿತ್ತು. ಆದುದರಿಂದ ತಲೆಭಾಗದವನ ಹೊಲಕ್ಕೆ ಮೊದಲು ಬರುವ ನೀರೆಲ್ಲ ಅವನದಲ್ಲ. ಅದರಲ್ಲಿ ಬಹುಪಾಲು ಅವನ ಮುಂದೆ ಹಾದುಹೋಗುತ್ತಿರುವ ಪರರ ಪಾಲು. ಮೊದಲು ಬಂದುದು ನೆಲದ ಇಳಿಜಾರಿನ ಗುಣ. ಅದು ಅವನು ಗಳಿಸಿದ ಪುಣ್ಯವಲ್ಲ.

ಇದನ್ನು ಸರಕಾರ ಸರಿಪಡಿಸಲಿ ಎನ್ನುವವರಿದ್ದಾರೆ. ಸರಿಪಡಿಸಲೇಬೇಕು. ಆದರೆ ನಡುರಾತ್ರಿ ಪ್ರತಿಯೊಂದು ತೂಬಿಗೂ ಕಾವಲುಗಾರನನ್ನು ನಿಲ್ಲಿಸಬಲ್ಲ ಸರಕಾರ ಲೋಕದಲ್ಲಿಲ್ಲ. ಅಲ್ಲಿ ಕಾವಲಿರಬೇಕಾದುದು ಮನಸ್ಸಾಕ್ಷಿ. ಜಲಾಶಯವಾದರೂ ಮೊದಲಿನಂತಿಲ್ಲ, ಸುಮಾರು 133 ಟಿಎಂಸಿ ಹಿಡಿಯುತ್ತಿದ್ದುದು ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ. ಪಾತ್ರೆ ಕಿರಿದಾಯಿತು, ಉಣ್ಣುವವರು ಕಡಿಮೆಯಾಗಲಿಲ್ಲ.

ಇನ್ನೊಂದು ಮಾತನ್ನು ಮರೆಯಬಾರದು. ಕಾಲುವೆಯ ತಲೆಯಲ್ಲಿರುವವನು ನದಿಯ ಲೆಕ್ಕದಲ್ಲಿ ಕೆಳಗಿನವನೇ. ಅವನ ಮೇಲೆ ಗಾಜನೂರು, ಲಕ್ಕವಳ್ಳಿಗಳ ಅಣೆಕಟ್ಟುಗಳಿವೆ. ತುದಿಯಲ್ಲಿರುವವನೂ ತನ್ನ ಹೊಲಗಾಲುವೆಯಲ್ಲಿ ಇನ್ನೊಬ್ಬನಿಗೆ ಮೇಲಿನವನು. ಮೇಲಿನವರನ್ನು ದೂರುವ ಬಾಯಿ ಕೆಳಗಿನವರನ್ನು ನೆನೆಯುವುದು ವಿರಳ.

ವಾಚಕರೇ, ನಮ್ಮಲ್ಲಿ ಹೆಚ್ಚಿನವರಿಗೆ ಗದ್ದೆಯಿಲ್ಲ, ತೂಬಿಲ್ಲ. ಆದರೆ ವಿದ್ಯೆ, ಉದ್ಯೋಗ, ಅಧಿಕಾರ, ಊಟದ ಪಂಕ್ತಿ, ಇವೆಲ್ಲವೂ ಕಾಲುವೆಗಳೇ. ನಾವು ಎಲ್ಲಿಯೋ ಒಂದೆಡೆ ತಲೆಯಲ್ಲಿದ್ದೇವೆ. ತುದಿಯವರೆಗೆ ಒಮ್ಮೆ ನಿಧಾನವಾಗಿ ಹೋಗಿ, ಅಲ್ಲಿರುವವನ ಮುಖವನ್ನು ನೋಡಿ ಬಂದವನು ತನ್ನ ತೂಬನ್ನು ಎಷ್ಟು ತೆರೆಯಬೇಕೆಂಬುದನ್ನು ಇನ್ನೊಬ್ಬರಿಂದ ಕೇಳಬೇಕಾಗಿಲ್ಲ.