ಗಂಟೆ ಹೊಡೆದ ಮೇಲೆ

1921ರಲ್ಲಿ ರಾಧಾಕೃಷ್ಣನ್ ಮೈಸೂರಿನ ಮಹಾರಾಜ ಕಾಲೇಜು ಬಿಟ್ಟು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಗಾಡಿಯಲ್ಲಿ ಅವರನ್ನು ಕೂರಿಸಿ, ತಾವೇ ಎಳೆದುಕೊಂಡು ರೈಲ್ವೆ ನಿಲ್ದಾಣಕ್ಕೆ ಹೋದರು. ಪ್ರತಿ ಸೆಪ್ಟೆಂಬರ್ 5ಕ್ಕೆ ಈ ಕತೆ ಕೇಳುತ್ತೇವೆ. ಅವರು ಅಲ್ಲಿ ಇದ್ದದ್ದು ಮೂರೇ ವರ್ಷ. ಅಷ್ಟರಲ್ಲಿ ಹುಟ್ಟಿದ ಆ ಪ್ರೀತಿ ಬರೀ ಪಾಠದಿಂದ ಬಂದದ್ದಿರಲಾರದು.

ನನ್ನನ್ನು ಇನ್ನೂ ಹೆಚ್ಚು ಕಾಡುವುದು ಅದೇ ಕಾಲೇಜಿನ ಮತ್ತೊಂದು ಜೋಡಿ. ಕುವೆಂಪು ಅಲ್ಲಿ ಟಿ.ಎಸ್. ವೆಂಕಣ್ಣಯ್ಯನವರ ಕೈಕೆಳಗೆ ಕನ್ನಡ ಎಂ.ಎ. ಓದಿ, 1929ರಲ್ಲಿ ಅಲ್ಲೇ ಮೇಷ್ಟರಾದರು. ವೆಂಕಣ್ಣಯ್ಯನವರು ತೀರಿಕೊಂಡದ್ದು 1939ರಲ್ಲಿ. ‘ಶ್ರೀ ರಾಮಾಯಣ ದರ್ಶನಂ’ ಅಚ್ಚಾಗಿ ಬಂದದ್ದು 1949ರಲ್ಲಿ. ಗುರು ಕಣ್ಮರೆಯಾಗಿ ಹತ್ತು ವರ್ಷ ಕಳೆದಿತ್ತು, ಆದರೂ ಕಾವ್ಯ ಅರ್ಪಿತವಾದದ್ದು ಅವರಿಗೇ. ಆ ಅರ್ಪಣೆಯ ಪದ್ಯ ಓದಿ ನೋಡಿ. ಮೇಷ್ಟರು ಎದುರಿಗೇ ಕೂತಿದ್ದಾರೆ ಎಂಬಂತೆ ಅಲ್ಲಿ ಮಹಾಕವಿ ಮಾತಾಡುತ್ತಾರೆ. ಹೇಳಿದ ಕೆಲಸ ಪೂರೈಸಿ ಪುಸ್ತಕ ಹಿಡಿದು ಬಂದ ಹುಡುಗನ ದನಿ ಅದು. ಎಂ.ಎ. ಮುಗಿದು ಇಪ್ಪತ್ತು ವರ್ಷವಾದರೂ ಆ ತರಗತಿ ಬಿಟ್ಟಿರಲಿಲ್ಲ.

ಇಂಥದ್ದಕ್ಕೆ ಮೇಷ್ಟರು ಒಂದೆಡೆ ನೆಲೆ ನಿಲ್ಲಬೇಕು. ಎಂ. ಹಿರಿಯಣ್ಣನವರು ಮೈಸೂರಿನಲ್ಲಿ ಭಾರತೀಯ ತತ್ತ್ವಶಾಸ್ತ್ರವನ್ನು ವರ್ಷವರ್ಷವೂ ಹೊಸ ಹುಡುಗರಿಗೆ ಹೇಳಿದರು. ಆ ಉಪನ್ಯಾಸಗಳೇ ಮಾಗಿ 1932ರಲ್ಲಿ ಪುಸ್ತಕವಾದವು. ಇಂದಿಗೂ ಆ ಶಾಸ್ತ್ರಕ್ಕೆ ಕಾಲಿಡುವವರು ಮೊದಲು ತೆರೆಯುವ ಪುಸ್ತಕಗಳಲ್ಲಿ ಅದೂ ಒಂದು.

ನಾನು ಬಿ.ಎ. ಓದುತ್ತಿದ್ದಾಗ ನಮ್ಮ ಇತಿಹಾಸದ ಮೇಷ್ಟರಿಗೆ ಒಂದು ಸೈಕಲ್ ಇತ್ತು. ಸಂಜೆ ನಾವು ಯಾರಾದರೂ ಜೊತೆಗೆ ಸಿಕ್ಕರೆ ಅವರು ಹತ್ತುತ್ತಿರಲಿಲ್ಲ, ತಳ್ಳಿಕೊಂಡೇ ನಡೆಯುತ್ತಿದ್ದರು. ಕಾಲೇಜಿನ ಗೇಟಿನಿಂದ ಮಾರ್ಕೆಟ್ಟಿನ ಸರ್ಕಲ್ಲಿನವರೆಗೆ ಅರ್ಧ ಗಂಟೆಯ ದಾರಿ. ಪರೀಕ್ಷೆಗೆ ಬೇಕಾದದ್ದೇನೂ ಆ ದಾರಿಯಲ್ಲಿ ಬರುತ್ತಿರಲಿಲ್ಲ. ಅವರು ಹೆಸರಿಸಿದ ಪುಸ್ತಕಗಳನ್ನು ಬಸ್ ಟಿಕೆಟ್ಟಿನ ಬೆನ್ನಿಗೆ ಬರೆದುಕೊಳ್ಳುತ್ತಿದ್ದೆ. ನನ್ನ ಓದು ಶುರುವಾದದ್ದು ಆ ಟಿಕೆಟ್ಟುಗಳಿಂದ.

ಈಗ ನಮ್ಮ ಡಿಗ್ರಿ ಕಾಲೇಜುಗಳ ಪಾಠದ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಮನೆಗೆ ಬಂದ ಅತಿಥಿಯನ್ನು ಹೊರಗೆ ನಿಲ್ಲಿಸುವುದು ನಮ್ಮ ಪದ್ಧತಿಯಲ್ಲ. ಇವರನ್ನು ಮಾತ್ರ ಹತ್ತು, ಹದಿನೈದು ವರ್ಷ ಹೊಸ್ತಿಲಲ್ಲೇ ನಿಲ್ಲಿಸಿದ್ದೇವೆ. ವರ್ಷ ಮುಗಿದರೆ ಕೆಲಸವೂ ಮುಗಿಯಿತು. ಮತ್ತೆ ಅರ್ಜಿ, ಮತ್ತೆ ಕಾಯುವುದು. ಮುಂದಿನ ವರ್ಷ ಯಾವ ಊರೋ ತಿಳಿಯದವರು ಯಾವ ಹುಡುಗಿಗೆ, “ಇದನ್ನು ಓದಿಕೊಂಡು ಬಾ, ಜೂನ್‌ನಲ್ಲಿ ಮಾತಾಡೋಣ” ಎಂದಾರು? ಉಳಿದ ಹೊತ್ತನ್ನು ಇಂಟರ್ನಲ್ಸ್, ಅಸೈನ್‌ಮೆಂಟ್, ಪೋರ್ಟಲ್ಲಿಗೆ ಅಂಕ ಏರಿಸುವ ಕೆಲಸ ನುಂಗುತ್ತವೆ. ವಿದ್ಯಾರ್ಥಿಗಳಿಗೂ ಬಿಡುವಿಲ್ಲ. ಹಳ್ಳಿಯ ಬಸ್ಸು ಅವರಿಗಾಗಿ ಕಾಯುವುದಿಲ್ಲ, ಕೆಲವರು ಸಂಜೆ ಅಂಗಡಿಯಲ್ಲಿ ದುಡಿಯುತ್ತಾರೆ. ದೋಷ ಇವರಿಬ್ಬರದ್ದೂ ಅಲ್ಲ. ಹುದ್ದೆ ತುಂಬದೆ ಕೂತಿರುವ ನಾವು ಗಂಟೆ ಹೊಡೆದ ಮೇಲಿನ ಕಾಲೇಜನ್ನು ಅವರಿಂದ ಕಿತ್ತುಕೊಂಡಿದ್ದೇವೆ.

ಕಳೆದ ತಿಂಗಳು ತಾಲ್ಲೂಕು ಕೇಂದ್ರವೊಂದರ ಬಸ್ ನಿಲ್ದಾಣದಲ್ಲಿ ಕೂತಿದ್ದೆ. ಪಕ್ಕದಲ್ಲಿ ಒಬ್ಬ ಮೇಡಂ. ಎದುರಿಗೆ ನಿಂತ ಹುಡುಗಿಯ ಕೈಯಲ್ಲಿ ವಚನಗಳ ಪುಸ್ತಕ.

“ಮೇಡಂ, ಅಕ್ಕ ಮನೆ ಬಿಟ್ಟು ಹೋದದ್ದನ್ನ ನಮ್ಮಮ್ಮ ಒಪ್ಪಲ್ಲ. ಅವಳಿಗೆ ಹೇಗೆ ಹೇಳ್ಲಿ?”

“ಅಮ್ಮ ಏನಂತಾರೆ, ಅದನ್ನ ಮೊದಲು ಹೇಳಮ್ಮ.”

ಅಷ್ಟರಲ್ಲಿ ಬಸ್ಸು ಬಂತು. ಕಂಡಕ್ಟರು ಎರಡು ಸಲ ಕೂಗಿದ. ಮೇಡಂ ಅತ್ತ ನೋಡಿದರು, ಹೆಗಲಿಗೇರಿಸಿದ್ದ ಚೀಲವನ್ನು ಇಳಿಸಿ ಬೆಂಚಿನ ಮೇಲಿಟ್ಟರು, ಹುಡುಗಿಗೆ ಕೂರಲು ಜಾಗ ಬಿಟ್ಟರು. ಬಸ್ಸು ಹೊರಟಿತು.