ಹಾಳು ಗುಡಿಯ ಸಮಾನತೆ

ಶಾಲೆಯ ಮಕ್ಕಳನ್ನು ಕರೆದುಕೊಂಡು ಹಂಪಿಗೆ ಹೋಗಿದ್ದೆ. ವಿಠ್ಠಲನ ಗುಡಿಯ ಅಂಗಳದಲ್ಲಿ, ಐವತ್ತು ರೂಪಾಯಿ ನೋಟಿನ ಮೇಲಿರುವ ಅದೇ ಕಲ್ಲಿನ ರಥದ ಮುಂದೆ, ಫೋಟೋ ತೆಗೆಸಿಕೊಳ್ಳುವ ಗಲಾಟೆ. ಒಬ್ಬ ಹುಡುಗ ಕಾಣಲಿಲ್ಲ. ಹುಡುಕಿದರೆ ಗರ್ಭಗುಡಿಯ ಕತ್ತಲಲ್ಲಿ ನಿಂತಿದ್ದ. ನನ್ನನ್ನು ಕಂಡು ಬೆಚ್ಚಿಬಿದ್ದ. 'ಸಾರ್, ಗೊತ್ತಿಲ್ದೆ ಒಳಕ್ಕೆ ಬಂದ್ಬುಟ್ಟೆ. ಇಲ್ಲಿ ಯಾರೂ ಬಯ್ಯಲ್ವಾ?' ಅಂದ.

ನಮ್ಮ ಕೇರಿಯ ಹುಡುಗ. ಊರ ಆಂಜನೇಯನ ಗುಡಿಯ ಹೊಸ್ತಿಲು ತುಳಿದವನಲ್ಲ. ಹಬ್ಬದ ದಿನ ಅವರಪ್ಪ ಗುಡಿ ಮುಂದೆ ತಮಟೆ ಹೊಡೆಯುತ್ತಾನೆ. ತಮಟೆಯ ಸದ್ದು ಒಳಗೆ ಹೋಗುತ್ತದೆ, ಹೊಡೆದವನು ಬಿಸಿಲಲ್ಲಿ ನಿಂತಿರುತ್ತಾನೆ. 'ಇಲ್ಲ ಕಣಪ್ಪ, ಯಾರೂ ಬಯ್ಯಲ್ಲ. ಎಷ್ಟೊತ್ತು ಬೇಕಾದ್ರೂ ನಿಂತ್ಕೊ' ಅಂದೆ. ಅಂದ ಮೇಲೆ ನನಗೇ ಕಸಿವಿಸಿಯಾಯಿತು. ಯಾಕೆ ಬಯ್ಯಲ್ಲ? ಒಳಗೆ ದೇವರಿಲ್ಲ, ಅದಕ್ಕೆ.

ಟಿಕೇಟು ಕೊಡುವವನು ನನ್ನ ಜಾತಿ ಕೇಳಲಿಲ್ಲ. ಇದೇ ಹಂಪಿಯಲ್ಲಿ ಪೂಜೆ ನಡೆಯುವ ವಿರೂಪಾಕ್ಷನ ಗುಡಿಯಿದೆ. ಬಳ್ಳಾರಿ ಸೀಮೆ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿಯ ಗುಡಿಗಳಿಗೆ ನಾವೂ ಹೋಗಬಹುದು ಅನ್ನುವುದಕ್ಕೆ ಆ ಸರ್ಕಾರ 1947ರಲ್ಲಿ ದೇವಾಲಯ ಪ್ರವೇಶದ ಕಾನೂನು ಮಾಡಬೇಕಾಯಿತು. ವಿಠ್ಠಲನ ಗರ್ಭಗುಡಿಗೆ ಕಾನೂನೇ ಬೇಕಾಗಲಿಲ್ಲ. 1565ರ ರಕ್ಕಸ-ತಂಗಡಿ ಯುದ್ಧ ಸಾಕಾಯಿತು.

ಹಾಗಾದರೆ ಈ ಪಟ್ಟಣ ಹಾಳಾದದ್ದು ನಮಗೆ ಒಳ್ಳೆಯದೇ ಆಯಿತೆ? ಗೆಳೆಯರು ಕೆಲವರು ಹಾಗೇ ಅನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಒಡೆಯಲು ಬಂದವರು ನಮಗಾಗಿ ಒಡೆಯಲಿಲ್ಲ. ಸಿಂಹಾಸನಗಳು ಉರುಳಿದ ಕಡೆಯಲ್ಲೆಲ್ಲ ಜಾತಿಯೂ ಉರುಳುತ್ತದೆ ಅನ್ನುವುದೂ ಸುಳ್ಳು. ಅದನ್ನು ನಮಗೆ ತೋರಿಸಿಕೊಟ್ಟವರು ಬಾಬಾಸಾಹೇಬರು, ಅವರೂ ಒಮ್ಮೆ ಪ್ರವಾಸಿಯಾಗಿ ಹೋಗಿ.

1934ರಲ್ಲಿ ಅವರು ಸುಮಾರು ಮೂವತ್ತು ಜನ ಸಂಗಾತಿಗಳ ಜೊತೆ ದೌಲತಾಬಾದ್ ಕೋಟೆ ನೋಡಲು ಹೋದರು. ಅದು ಸೇವುಣರ ದೇವಗಿರಿ. ಆಮೇಲೆ ದೆಹಲಿ ಸುಲ್ತಾನರ ಕೈಗೆ ಹೋಯಿತು, 1934ರಲ್ಲಿ ನಿಜಾಮನ ಸೀಮೆಯಲ್ಲಿತ್ತು. ದಾರಿಯ ಧೂಳು ಮೆತ್ತಿದ ಮುಖವನ್ನು ಕೆಲವರು ಬಾಗಿಲ ಹೊರಗಿನ ಕೊಳದಲ್ಲಿ ತೊಳೆದುಕೊಂಡರು. ನೀರು ಮೈಲಿಗೆಯಾಯಿತು ಎಂದು ಒಬ್ಬ ಮುದುಕ ಕೂಗುತ್ತಾ ಓಡಿಬಂದ. ಸುತ್ತಲಿನ ಮುಸಲ್ಮಾನರೆಲ್ಲ ಸೇರಿ ಬೈದರು. ನಿಮ್ಮ ಧರ್ಮ ಕಲಿಸುವುದು ಇದನ್ನೆಯೋ, ಒಬ್ಬ ಅಸ್ಪೃಶ್ಯ ಮುಸಲ್ಮಾನನಾದರೆ ಅವನನ್ನೂ ತಡೆಯುತ್ತೀರಾ ಎಂದು ಬಾಬಾಸಾಹೇಬರು ಕೇಳಿದ ಮೇಲೆ ಜನ ತೆಪ್ಪಗಾದರು. ಕೋಟೆ ನೋಡಲು ಬಿಟ್ಟರು. ಆದರೆ ಎಲ್ಲೂ ನೀರು ಮುಟ್ಟದಂತೆ ಕಾಯಲು ಆಯುಧ ಹಿಡಿದ ಸಿಪಾಯಿಯೊಬ್ಬನನ್ನು ಜೊತೆಗೆ ಕಳಿಸಿದರು. ದುಂಡುಮೇಜಿನ ಪರಿಷತ್ತಿನಲ್ಲಿ ಕೂತು ಬಂದ ಬ್ಯಾರಿಸ್ಟರರ ಪ್ರವಾಸ ಇದು. ರಾಜರು ಬದಲಾದರು, ಧ್ವಜ ಬದಲಾಯಿತು. ಕೊಳ ಬದಲಾಗಲಿಲ್ಲ.

ನೀರಿನ ಮಾತು ಬಂತು. ಹಂಪಿಯಲ್ಲಿ ಕಲ್ಲುಕಂಬಗಳ ಮೇಲೆ ಹರಿದ ಕಾಲುವೆ ಇದೆ, ಮಣ್ಣಿನಡಿಯಿಂದ ಅಗೆದು ತೆಗೆದ ಮೆಟ್ಟಿಲು ಪುಷ್ಕರಣಿ ಇದೆ. ಪುಷ್ಕರಣಿಯ ಕಲ್ಲುಗಳ ಮೇಲೆ ಸಣ್ಣ ಸಣ್ಣ ಗುರುತುಗಳಿವೆ: ಯಾವ ದಿಕ್ಕು, ಎಷ್ಟನೇ ಸಾಲು, ಎಷ್ಟನೇ ಕಲ್ಲು ಎಂದು ಕೆಲಸದವರು ಕೊರೆದುಕೊಂಡದ್ದು. ರಾಜನ ಹೆಸರು ಶಾಸನದಲ್ಲಿದೆ. ಕೆಲಸದವನದು ಹೆಸರಿಲ್ಲ, ಲೆಕ್ಕ ಮಾತ್ರ ಇದೆ. ಆದರೂ ಆ ಲೆಕ್ಕ ತಪ್ಪಿಲ್ಲ ನೋಡಿ, ಕಲ್ಲು ಕಲ್ಲಿಗೆ ಕೂತಿದೆ.

1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯ ಕಟ್ಟಿಸುತ್ತಿದ್ದ ಒಂದು ಕೆರೆಯ ವಿಷಯ ಬರೆದಿದ್ದಾನೆ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ದುಡಿಯುತ್ತಿದ್ದರಂತೆ. ಕೆರೆ ಎರಡು ಮೂರು ಸಲ ಒಡೆಯಿತು. ಬಲಿ ಬೇಕೆಂದು ಬ್ರಾಹ್ಮಣರು ಹೇಳಿದರು. ಕುದುರೆ, ಕೋಣಗಳ ಜೊತೆ ಅರವತ್ತು ಮಂದಿಯ ತಲೆ ಕಡಿಸಲಾಯಿತು. ಸಾವಿಗೆ ಅರ್ಹರಾದ ಕೈದಿಗಳು ಅವರು ಎಂದು ಆಮೇಲೆ ಬಂದ ನ್ಯೂನಿಜ್ ಬರೆಯುತ್ತಾನೆ. ಯಾರ ಕಣ್ಣಲ್ಲಿ ಅರ್ಹರು? ಗೈಡು ಮುತ್ತು ರತ್ನವನ್ನು ಬಳ್ಳದಲ್ಲಿ ಅಳೆದ ಕತೆ ಹೇಳುತ್ತಾನೆ. ಈ ಅರವತ್ತು ತಲೆಗಳನ್ನು ಅಳೆದ ಬಳ್ಳ ಅವನ ಕತೆಯಲ್ಲಿ ಬರುವುದೇ ಇಲ್ಲ.

ಇದನ್ನೆಲ್ಲ ತಿಳಿದ ಮೇಲೆ ಹಂಪಿಯನ್ನು ಮೆಚ್ಚುವುದು ತಪ್ಪೆ? 'ನಮ್ಮ ವೈಭವ' ಎಂದು ಎದೆ ಉಬ್ಬಿಸುವುದು ಸುಲಭ. 'ಇದು ನಮ್ಮದಲ್ಲ' ಎಂದು ಬೆನ್ನು ತಿರುಗಿಸುವುದೂ ಅಷ್ಟೇ ಸುಲಭ. ಬೆನ್ನು ತಿರುಗಿಸಿದರೆ ಆ ಗುರುತು ಕೊರೆದ ಕೈಗಳನ್ನೂ ರಾಜನಿಗೇ ಬಿಟ್ಟುಕೊಟ್ಟ ಹಾಗೆ. ಕಲ್ಲನ್ನು ಮೆಚ್ಚೋಣ. ಮೆಚ್ಚುತ್ತಲೇ ಲೆಕ್ಕ ಕೇಳೋಣ: ಅಗೆದವರು ಯಾರು, ಕುಡಿದವರು ಯಾರು, ದೂರ ನಿಲ್ಲಿಸಿದ್ದು ಯಾರನ್ನು?

ಆ ಲೆಕ್ಕ ಹಳೇ ಕಾಲಕ್ಕೇ ಮುಗಿಯುವುದಿಲ್ಲ. ವಿರೂಪಾಕ್ಷನ ಗುಡಿಯೆದುರಿನ ಬಜಾರಿನ ಮಂಟಪಗಳಲ್ಲಿ ಜನ ಮನೆ, ಅಂಗಡಿ ಮಾಡಿಕೊಂಡಿದ್ದರು. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2011ರ ಜುಲೈನಲ್ಲಿ ಆ ಜನರನ್ನು ಎಬ್ಬಿಸಿ ಮನೆಗಳನ್ನು ಕೆಡವಿದರು. ಸ್ಮಾರಕ ಉಳಿಯಬೇಕು, ನಿಜ. ಆದರೆ ಬದುಕಿದವರನ್ನು ಎಬ್ಬಿಸಿ ತೆರವು ಮಾಡಿದ ಬೀದಿಯಲ್ಲಿ ನಿಂತು 'ಎಷ್ಟು ಚೊಕ್ಕಟವಾಗಿದೆ' ಎಂದು ನಾನೂ ಅಂದೆ. ಒಂದು ಕ್ಷಣ ನನ್ನ ಕಣ್ಣೂ ರಾಜನ ಕಣ್ಣಾಗಿತ್ತು. ಟಿಕೇಟು ಕೊಂಡವನಿಗೆ ಈ ರೋಗ ಬೇಗ ಅಂಟುತ್ತದೆ.

ವಾಪಸು ಬರುವಾಗ ಬಸ್ಸಿನಲ್ಲಿ ಆ ಹುಡುಗ ನನ್ನ ಪಕ್ಕಕ್ಕೆ ಬಂದು ಕೂತ.

'ಸಾರ್, ನಮ್ಮೂರ ಗುಡೀಗೂ ಟಿಕೇಟ್ ಇಟ್ರೆ ನಾನು ಒಳಕ್ಕೆ ಹೋಗ್ಬೌದಾ?'

'ಟಿಕೇಟ್ ಯಾಕೋ? ತಡೆದ್ರೆ ಅಪರಾಧ ಅಂತ 1955ರಲ್ಲೇ ಕಾನೂನಾಗಿದೆ.'

'ಹಂಗಾದ್ರೆ ನೀವು ಹೋಗಿದ್ದೀರಾ ಸಾರ್?'

ಆಂಜನೇಯನ ಮೇಲೆ ನನಗೆ ಭಕ್ತಿಯಿಲ್ಲ, ಅದಕ್ಕೇ ಹೋಗಿಲ್ಲ ಅನ್ನಬಹುದಿತ್ತು. ವಿಠ್ಠಲನ ಮೇಲೂ ಇರಲಿಲ್ಲವಲ್ಲ, ಅಲ್ಲಿಗೆ ಹೋದೆ. ನಿಜ ಏನೆಂದರೆ ನನಗೆ ಹೆದರಿಕೆ. ಸರ್ಕಾರದ ಸಂಬಳ ತಿನ್ನುವ ಮೇಷ್ಟ್ರು ನಾನು, ನೂರಾರು ಮೈಲಿ ದೂರದ ಹಾಳು ಗುಡಿಯಲ್ಲಿ ಸಮಾನತೆಯ ಪಾಠ ಹೇಳಿ ಬಂದೆ, ನಮ್ಮೂರ ಗುಡಿಯ ಮುಂದೆ ತಲೆ ತಗ್ಗಿಸಿ ದಾಟುತ್ತೇನೆ. ಹುಡುಗ ಇನ್ನೂ ಕಾಯುತ್ತಿದ್ದ.

'ಇಲ್ಲ ಕಣೋ. ಈ ಸಲ ಹಬ್ಬಕ್ಕೆ ಇಬ್ಬರೂ ಹೋಗೋಣ' ಅಂದೆ.

ಹಬ್ಬ ಹತ್ತಿರ ಬರುತ್ತಿದೆ. ಇಬ್ಬರೇ ಹೋದರೆ ಏನಾಗುತ್ತದೆಂದು ನಿಮಗೂ ಗೊತ್ತು. ಯಾರು ಯಾರು ಬರುತ್ತೀರಿ, ಗೆಳೆಯರೇ?